ಹೋದ ಭಯ ಮತ್ತೆ ಯಾಕೆ ಬರುತ್ತದೆ?

ದಸರಾ ಹತ್ತಿರ ಬಂದಂತೆ ಮೈಸೂರಿನ ವಸ್ತುಪ್ರದರ್ಶನ ಮೈದಾನದ ಬಳಿ ಒಂದು ತಾಲೀಮು ನಡೆಯುತ್ತದೆ. ಆನೆಗಳನ್ನೂ ಪೊಲೀಸ್ ಕುದುರೆಗಳನ್ನೂ ಸಾಲಾಗಿ ನಿಲ್ಲಿಸಿ, ಅವುಗಳೆದುರು ಕುಶಾಲತೋಪು ಸಿಡಿಸುತ್ತಾರೆ. ಜಂಬೂ ಸವಾರಿಯ ದಿನ 21 ಸುತ್ತು ತೋಪು ಹಾರುವಾಗ ಯಾವ ಆನೆಯೂ ಬೆದರಬಾರದು, ಅಲ್ವಾ? ಅಂಬಾರಿಯೇ 750 ಕಿಲೋ ಇದೆ. ಸುತ್ತ ಲಕ್ಷಗಟ್ಟಲೆ ಜನ.

ಹೊಸ ಆನೆಗೆ ಈ ಪಾಠ ಯಾಕೆ ಬೇಕು ಅನ್ನುವುದು ಯಾರಿಗಾದರೂ ತಿಳಿಯುತ್ತದೆ. ಆದರೆ ಎಷ್ಟೋ ದಸರಾ ಕಂಡ ಆನೆಗಳನ್ನೂ ಪ್ರತಿ ವರ್ಷ ಅದೇ ಸದ್ದಿನ ಮುಂದೆ ತಂದು ನಿಲ್ಲಿಸುತ್ತಾರೆ. ಒಂದೇ ದಿನ ಅಲ್ಲ, ಬೇರೆ ಬೇರೆ ದಿನ. ಮಾವುತರಿಗೆ, ಕಾವಾಡಿಗಳಿಗೆ ಇದು ವಾಡಿಕೆ. ಕಲಿಕೆಯ ಬಗ್ಗೆ ಮನಶ್ಶಾಸ್ತ್ರ ನೂರು ವರ್ಷದಲ್ಲಿ ಕಂಡುಕೊಂಡ ಒಂದು ಮುಖ್ಯ ಸಂಗತಿ ಆ ವಾಡಿಕೆಯೊಳಗಿದೆ. ಮಕ್ಕಳನ್ನು ಚಿಕಿತ್ಸೆಗೆಂದು ನನ್ನ ಬಳಿ ಕರೆತರುವ ಅಪ್ಪ ಅಮ್ಮಂದಿರಿಗೆ ಹೇಳಿ ಒಪ್ಪಿಸಲು ಅತಿ ಕಷ್ಟವಾಗುವುದೂ ಅದೇ. ಹಳೆಯ ಭಯ, ಹಳೆಯ ಚಟ, ಹಳೆಯ ಹಠ ಅಳಿಸಿ ಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸದೊಂದು ಕಲಿಕೆ ಬಂದು ಕೂರುತ್ತದೆ, ಅಷ್ಟೇ. ಯಾವ ಹೊತ್ತಿಗೆ ಯಾವುದು ಮುಂದೆ ಬರುತ್ತದೆ ಅನ್ನುವುದೇ ಪ್ರಶ್ನೆ.

ಮೊದಲು ಅತಿ ಸರಳ ಕಲಿಕೆಯನ್ನು ನೋಡೋಣ. ಒಂದು ಸದ್ದು ಮತ್ತೆ ಮತ್ತೆ ಬರುತ್ತದೆ, ಅದರಿಂದ ಏನೂ ಆಗುವುದಿಲ್ಲ. ಆಗ ಪ್ರಾಣಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ನರವಿಜ್ಞಾನಿ ಎರಿಕ್ ಕಾಂಡೆಲ್ ಇದನ್ನು ಏಪ್ಲೀಸಿಯಾ ಎಂಬ ಸಮುದ್ರದ ಬಸವನಹುಳುವಿನಲ್ಲಿ ಅಧ್ಯಯನ ಮಾಡಿದರು. ಮೈಗೆ ಮೆಲ್ಲಗೆ ನೀರು ಚಿಮ್ಮಿಸಿದರೆ ಅದು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಹತ್ತು ಸಲ ಚಿಮ್ಮಿಸುವಷ್ಟರಲ್ಲಿ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೊದಲಿನಂತೆ. 1972ರಲ್ಲಿ ಅವರ ತಂಡ ಇದನ್ನೇ ನಾಲ್ಕು ದಿನಕ್ಕೆ ಹಂಚಿ ಮಾಡಿ ನೋಡಿತು, ದಿನಕ್ಕೆ ಹತ್ತು ಸಲ. ಆಗ ಪರಿಣಾಮ ಮೂರು ವಾರ ಕಳೆದರೂ ಉಳಿದಿತ್ತು. ಅದೇ ನಲವತ್ತು ಸಲವನ್ನು ಒಂದೇ ದಿನ ಮುಗಿಸಿದರೆ ಅಷ್ಟು ಉಳಿಯಲಿಲ್ಲ. ಕಾಂಡೆಲ್‌ಗೆ 2000ದಲ್ಲಿ ನೊಬೆಲ್ ಬಂತು. ಪರೀಕ್ಷೆಯ ಹಿಂದಿನ ರಾತ್ರಿ ಕೂತು ಇಡೀ ಪುಸ್ತಕ ಉರು ಹೊಡೆಯುವ ಮಕ್ಕಳಿಗೂ ನಾನು ಈ ಹುಳುವಿನ ಕಥೆ ಹೇಳುತ್ತೇನೆ.

ಭಯದ ವಿಷಯ ಇಷ್ಟು ಸರಳ ಅಲ್ಲ. ಅಲ್ಲಿ ಸದ್ದಿನ ಹಿಂದೆ ನೋವೋ ಗಾಬರಿಯೋ ಒಮ್ಮೆಯಾದರೂ ಬಂದಿರುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಹೆಸರು ಕೇಳಿದರೆ ಎಲ್ಲರೂ ಗಂಟೆ, ನಾಯಿ, ಜೊಲ್ಲು ಅನ್ನುತ್ತಾರೆ. ಸದ್ದು ಮಾಡಿ ಊಟ ಕೊಡುತ್ತಾ ಬಂದರೆ ಕೊನೆಗೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ. ಅವರು ಮಾಡಿದ ಇನ್ನೊಂದು ಕೆಲಸ ಚಿಕಿತ್ಸೆ ಕೊಡುವ ನಮ್ಮಂಥವರಿಗೆ ಜಾಸ್ತಿ ಮುಖ್ಯ. ಹಾಗೆ ಕಲಿತ ಮೇಲೆ ಮತ್ತೆ ಮತ್ತೆ ಸದ್ದು ಕೇಳಿಸಿ ಊಟ ಕೊಡದೆ ಬಿಟ್ಟರೆ ನಾಯಿ ಜೊಲ್ಲು ಸುರಿಸುವುದನ್ನು ನಿಲ್ಲಿಸುತ್ತದೆ. ಮರೆತುಬಿಟ್ಟಿತು ಅನ್ನಿಸುತ್ತದೆ. ಆದರೆ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ಮತ್ತೆ ಸದ್ದು ಮಾಡಿದರೆ ಜೊಲ್ಲು ಬರುತ್ತದೆ! ಯಾರೂ ಹೊಸದಾಗಿ ಕಲಿಸಿಲ್ಲ. ತಾನಾಗೇ ಬಂತು. ಅಂದರೆ ಹಳೆಯದು ಹೋಗಿರಲೇ ಇಲ್ಲ.

1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ದೊಡ್ಡ ಪ್ರವಾಹ ಬಂತು. ಪಾವ್ಲೋವ್ ಅವರ ನಾಯಿಗಳು ಗೂಡಿನಲ್ಲೇ ಮುಳುಗುವ ಸ್ಥಿತಿಗೆ ಬಂದಿದ್ದವು. ಸಹಾಯಕರು ಅವನ್ನು ಈಜಿಸಿಕೊಂಡು ಹೊರತಂದರು. ಆಮೇಲೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮಾಡದಾದವು. ನಿಧಾನವಾಗಿ ಸುಧಾರಿಸಿದವು. ಹಾಗೆ ಸುಧಾರಿಸಿದ ನಾಯಿಯೊಂದರ ಕೋಣೆಯ ಬಾಗಿಲ ಕೆಳಗಿಂದ ಸ್ವಲ್ಪ ನೀರು ಹರಿಯಬಿಟ್ಟರೆ ಸಾಕು, ಅದು ಮತ್ತೆ ಕಂಗೆಡುತ್ತಿತ್ತು.

ಅದೇ 1924ರಲ್ಲಿ ಅಮೆರಿಕದಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೂರು ವರ್ಷ ತುಂಬದ ಪೀಟರ್‌ನ ಮೊಲದ ಭಯವನ್ನು ಬಿಡಿಸಿದ ವರದಿ ಪ್ರಕಟಿಸಿದರು. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಇವತ್ತಿಗೂ ನಾವು ಮಾಡುವ ಚಿಕಿತ್ಸೆಯ ಬೇರು ಇದೇ. (ಹಾಗೇ ನೆನಪಾಯಿತು: ನಮ್ಮ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಶುರು ಮಾಡಿದ್ದೂ 1924ರಲ್ಲೇ. ಮನೆಯಲ್ಲೇ ರೇಡಿಯೊ ಕೇಂದ್ರ ಕಟ್ಟಿ ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟ ಗೋಪಾಲಸ್ವಾಮಿ ಇವರೇ, 1935ರಲ್ಲಿ.)

ಇನ್ನು ನನ್ನ ಕೋಣೆಗೆ ಬರೋಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಂಡ್ಯ ಕಡೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಕುಟುಂಬ. ಪ್ರೈಮರಿ ಶಾಲೆಯ ಹುಡುಗಿ. ನಾಯಿ ಅಟ್ಟಿಸಿಕೊಂಡು ಬಂದಾಗಿನಿಂದ ಬೀದಿಗಿಳಿಯಲು ಹೆದರುತ್ತಿದ್ದಳು. ಹಂತ ಹಂತವಾಗಿ ಕೆಲಸ ಮಾಡಿದೆವು. ಮೊದಲು ದೂರದಿಂದ ನೋಡುವುದು. ಆಮೇಲೆ ಗೇಟಿನಾಚೆ ಕಟ್ಟಿದ ನಾಯಿಯ ಹತ್ತಿರ ನಿಲ್ಲುವುದು. ಕೊನೆಗೆ ಪಕ್ಕದ ಮನೆಯ ಮುದಿ ನಾಯಿಗೆ ತಾನೇ ಬಿಸ್ಕತ್ತು ಹಾಕಿದಳು. ಮನೆಯವರೆಲ್ಲ ಖುಷಿ. ರಜೆಗೆ ಪಾಂಡವಪುರದ ಹತ್ತಿರದ ಅಜ್ಜಿ ಊರಿಗೆ ಹೋದರು. ಬಸ್ಸಿಳಿದು ಕಬ್ಬಿನ ಗದ್ದೆ ಪಕ್ಕ ನಡೆಯುವಾಗ ನಾಯಿಯೊಂದು ಎದುರಾಯಿತು. ಹುಡುಗಿ ಕಿರುಚಿಕೊಂಡು ಅಮ್ಮನ ಮೈಮೇಲೆ ಹತ್ತಿದಳು. ವಾಪಸ್ ಬಂದಾಗ ಅಮ್ಮನ ಮುಖ ಸಣ್ಣಗಾಗಿತ್ತು. "ವಾಸಿ ಆಗೈತೆ ಅಂದ್ಕಂಡಿದ್ವಿ ಮೇಡಂ. ಎಲ್ಲಾ ನೀರಲ್ಲಿ ಹೋಮ ಮಾಡ್ದಂಗಾಯ್ತು."

ಆಗಿರಲಿಲ್ಲ. 1979ರಲ್ಲಿ ಮಾರ್ಕ್ ಬೌಟನ್ ಮತ್ತು ರಾಬರ್ಟ್ ಬೋಲ್ಸ್ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಇಲಿಗೆ ಒಂದು ಪೆಟ್ಟಿಗೆಯಲ್ಲಿ ಭಯ ಕಲಿಸಿದರು. ಬೇರೆ ಪೆಟ್ಟಿಗೆಯಲ್ಲಿ ಇಟ್ಟು ಆ ಭಯ ಬಿಡಿಸಿದರು. ಹಳೆಯ ಪೆಟ್ಟಿಗೆಗೆ ವಾಪಸ್ ಹಾಕಿದರೆ ಭಯ ಮರಳಿ ಬಂತು. ಭಯ ಕಲಿಯುವಾಗ ಪ್ರಾಣಿ ಜಾಗವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಯಿ ಅಂದರೆ ಅಪಾಯ, ಎಲ್ಲಿದ್ದರೂ ಅಪಾಯ. ಧೈರ್ಯ ಮಾತ್ರ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಈ ನಾಯಿ, ಈ ಗೇಟು, ಈ ಆಂಟಿ ಪಕ್ಕದಲ್ಲಿದ್ದರೆ ಪರವಾಗಿಲ್ಲ. ಮೆದುಳಿನ ಕಡೆಯಿಂದ ನೋಡಿದರೆ ಇದು ಬುದ್ಧಿವಂತಿಕೆಯೇ. ಭಯವನ್ನು ಬೇಗ ಬಿಟ್ಟುಕೊಟ್ಟ ಪ್ರಾಣಿ ಕಾಡಿನಲ್ಲಿ ಜಾಸ್ತಿ ದಿನ ಉಳಿಯುತ್ತಿರಲಿಲ್ಲ.

ಹಾಗಾಗಿ ಚಿಕಿತ್ಸೆಯ ಎರಡನೇ ಭಾಗವೇ ಬೇರೆ. ಬೇರೆ ಬೇರೆ ನಾಯಿ, ಬೇರೆ ಬೀದಿ, ಬೆಳಗ್ಗೆ, ಸಂಜೆ. ಒಮ್ಮೆ ಅಪ್ಪನ ಜೊತೆ, ಒಮ್ಮೆ ಅಣ್ಣನ ಜೊತೆ. ಅಮ್ಮನ ಕೈ ಹಿಡಿದೇ ಎಲ್ಲವನ್ನೂ ಮಾಡಿದರೆ ಮಗು ಕಲಿಯುವುದು "ಅಮ್ಮನ ಕೈ ಇದ್ದರೆ ಅಪಾಯವಿಲ್ಲ" ಎಂದು, "ನಾಯಿಯಿಂದ ಅಪಾಯವಿಲ್ಲ" ಎಂದಲ್ಲ. ಅದರ ಜೊತೆಗೆ ಅಪರಿಚಿತ ನಾಯಿಯನ್ನು ಮುಟ್ಟಬಾರದು, ಓಡಬಾರದು, ನಿಂತು ದಾರಿ ಬಿಡಬೇಕು ಅನ್ನುವುದನ್ನೂ ಕಲಿಸಬೇಕು. ಬೀದಿ ನಾಯಿಗೆ ಹೆದರುವುದು ಪೂರ್ತಿ ತಪ್ಪೂ ಅಲ್ಲವಲ್ಲ.

ಹಠದ ಕಥೆಯೂ ಇದೇ ದಾರಿಯದ್ದು. ಅಂಗಡಿ ಮುಂದೆ ಮಗು ಬಿದ್ದು ಹೊರಳಾಡುತ್ತದೆ. "ಇನ್ನು ಮೇಲೆ ಕೊಡಿಸಲ್ಲ" ಅಂತ ಅಪ್ಪ ಗಟ್ಟಿ ಮನಸ್ಸು ಮಾಡುತ್ತಾರೆ. ಹಠ ಕಡಿಮೆಯಾಗುವ ಬದಲು ಜೋರಾಗುತ್ತದೆ. ಇದು ನಿರೀಕ್ಷಿತ. ಸಿಗುತ್ತಿದ್ದದ್ದು ನಿಂತಾಗ ಪ್ರಾಣಿಯೂ ಮೊದಲು ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಚಾಮುಂಡಿ ಬೆಟ್ಟದಲ್ಲಿ ಕೋತಿ ಹಿಡಿದ ಕವರನ್ನು ನೀವು ಬಿಡದಿದ್ದಾಗ ಅದು ಏನು ಮಾಡುತ್ತದೆ, ನೆನಪಿಸಿಕೊಳ್ಳಿ. ಆ ಜೋರಿನ ತುದಿಯಲ್ಲೇ ಅಜ್ಜಿ ಬರುತ್ತಾರೆ. "ಮಗ ಅಷ್ಟೊಂದ್ ಅಳ್ತಾ ಅದೆ, ಕೊಡ್ಸ್‌ಬುಡು." ಕೊಡಿಸಿದರೆ ಮಗು ಕಲಿಯುವುದು ಒಂದೇ: ಇಷ್ಟು ಅತ್ತರೆ ಸಿಗುತ್ತದೆ.

ಯಾವಾಗಲೋ ಒಮ್ಮೆ ಸಿಗುವುದು ಯಾವಾಗಲೂ ಸಿಗುವುದಕ್ಕಿಂತ ಗಟ್ಟಿ ಅಭ್ಯಾಸ ಬೆಳೆಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್‌ಗೆ ಇದು ಸಿಕ್ಕಿದ್ದು ಒಂಥರಾ ಆಕಸ್ಮಿಕವಾಗಿ. ಸನ್ನೆಕೋಲು ಒತ್ತಿದ ಇಲಿಗಳಿಗೆ ಕೊಡುವ ತಿಂಡಿಯ ಉಂಡೆಗಳನ್ನು ಅವರೇ ಕೈಯಾರೆ ಮಾಡಿಕೊಳ್ಳುತ್ತಿದ್ದರು. ಒಂದು ಶನಿವಾರ ನೋಡಿದರೆ ಉಂಡೆಗಳು ಸೋಮವಾರ ಬೆಳಗ್ಗೆಗೆ ಮುಗಿದುಹೋಗುವ ಲೆಕ್ಕ. ಪ್ರತಿ ಸಲ ಕೊಡುವ ಬದಲು ನಿಮಿಷಕ್ಕೊಮ್ಮೆ ಕೊಡೋಣ ಅಂದುಕೊಂಡರು. ಇಲಿಗಳು ಸನ್ನೆಕೋಲು ಒತ್ತುವುದನ್ನು ಬಿಡಲಿಲ್ಲ. ಹೀಗೆ ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದು ಪೂರ್ತಿ ನಿಂತರೂ ಪ್ರಾಣಿ ಬಹಳ ಹೊತ್ತು ಪ್ರಯತ್ನ ಬಿಡುವುದಿಲ್ಲ. ಅದಕ್ಕೇ ನಾನು ಅಜ್ಜಿಯನ್ನೂ ಒಂದು ಸಲ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಮನೆಯಲ್ಲಿ ಒಬ್ಬರು ಬೇಡ, ಒಬ್ಬರು ಆಗಲಿ ಅಂದರೆ ಸ್ಕಿನ್ನರ್‌ನ ಆ ಶನಿವಾರವನ್ನೇ ದಿನಾ ನಡೆಸಿದಂತೆ.

ಕುಡಿತ ಬಿಟ್ಟವರಲ್ಲೂ ಜಾಗದ ಪಾತ್ರ ದೊಡ್ಡದು. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕದ ಸೈನಿಕರನ್ನು 1970ರ ದಶಕದಲ್ಲಿ ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ನೋಡಿದರು. ಊರಿಗೆ ಮರಳಿದ ಮೂರು ವರ್ಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ ಸುಮಾರು 12 ಮಂದಿ. ಉಳಿದವರಲ್ಲಿ ಕೆಲವರು ಮತ್ತೆ ಹೆರಾಯಿನ್ ಮುಟ್ಟಿದರೂ ದಾಸರಾಗಲಿಲ್ಲ. ಕಾರಣ ಹಲವು, ಆದರೆ ಚಟ ಕಲಿತ ಜಾಗ ಸಾವಿರಾರು ಮೈಲಿ ದೂರ ಉಳಿದದ್ದು ಅದರಲ್ಲೊಂದು. ನಮ್ಮಲ್ಲಿ ಆಗುವುದು ಇದರ ಉಲ್ಟಾ. ಆಸ್ಪತ್ರೆಯಲ್ಲಿ ತಿಂಗಳಿದ್ದು ಬಿಟ್ಟವರು ಮರಳುವುದು ಅದೇ ಬೀದಿಗೆ, ಅದೇ ಗೆಳೆಯರ ನಡುವೆ. ಬಟವಾಡೆಯ ಸಂಜೆ ಬಸ್ಸಿಳಿದರೆ ಎದುರಿಗೇ ಅದೇ ಬಾರು. ಅವರಿಗೆ ಮನಸ್ಸು ಗಟ್ಟಿಯಿಲ್ಲ ಅಂತ ಬೈಯುವ ಮೊದಲು, ಇಳಿಯುವ ಬಸ್ ಸ್ಟಾಪನ್ನಾದರೂ ಬದಲಿಸಿ ನೋಡಬಹುದು.

ಇದೆಲ್ಲ ಕೇಳಿ ಆ ಹುಡುಗಿಯ ಅಮ್ಮ, "ಹಂಗಾರೆ ಜೀವನಪೂರ್ತಿ ಹಿಂಗೇನಾ?" ಅಂತ ಕೇಳಿದರು. ಹಾಗಲ್ಲ. ಭಯ ಅಳಿಯುವುದಿಲ್ಲ ಅಂದರೆ ಧೈರ್ಯವೂ ಅಳಿದಿಲ್ಲ ಅಂತಲೇ. 1885ರಲ್ಲೇ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತೋರಿಸಿದ್ದರು: ಮರೆತೇಹೋಯಿತು ಅಂದುಕೊಂಡದ್ದನ್ನು ಎರಡನೇ ಸಲ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕು. ಪಾವ್ಲೋವ್ ಅವರ ನಾಯಿಗಳಲ್ಲೂ ಜೊಲ್ಲು ನಿಲ್ಲಿಸುವುದು ಪ್ರತಿ ಸಲ ಹಿಂದಿನದಕ್ಕಿಂತ ಬೇಗ ಆಗುತ್ತಿತ್ತು. ಹುಡುಗಿಯದೂ ಹಾಗೇ ಆಯಿತು. ಎರಡನೇ ಸಲ ಅರ್ಧದಷ್ಟೂ ಹೊತ್ತು ಹಿಡಿಯಲಿಲ್ಲ. ಮುಂದಿನ ರಜೆಗೆ ಹಬ್ಬದ ದಿನವೇ ಹೋಗಬೇಡಿ, ಎರಡು ದಿನ ಮೊದಲೇ ಹೋಗಿ ಎಂದು ಹೇಳಿದ್ದೇನೆ. ಮೊದಲ ದಿನ ಅಜ್ಜಿ ಮನೆ ಜಗಲಿಯಿಂದ ಬೀದಿ ನೋಡುವುದು, ಎರಡನೇ ದಿನ ಹಾಲಿನ ಡೈರಿಯವರೆಗೆ ಮಾವನ ಜೊತೆ ನಡೆದು ಬರುವುದು. ಸಾಧ್ಯವಾದರೆ ಆ ಊರಿನಲ್ಲೂ ಕಟ್ಟಿದ ನಾಯಿ ಇರುವ ಒಂದು ಮನೆ ಹುಡುಕಿಡಿ ಅಂತ ಮಾವನಿಗೆ ಫೋನಿನಲ್ಲೇ ಹೇಳಿಸಿದೆ.