ಗ್ಯಾಸ್ ಮಾತ್ರೆ ನುಂಗುವವರ ಗ್ಯಾಸ್ಟ್ರಿನ್ ಏಕೆ ಏರುತ್ತದೆ?

ಹಾಸನದ ಮೆಡಿಕಲ್ ಶಾಪಿನಲ್ಲಿ 'ಗ್ಯಾಸ್ ಮಾತ್ರೆ ಕೊಡಿ' ಎಂದರೆ ಸಾಕು, ಜಠರದ ಆಮ್ಲ ತಡೆಯುವ ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಕೈಗೆ ಬರುತ್ತದೆ. ವರ್ಷಗಟ್ಟಲೆ ಇದನ್ನು ನುಂಗುವವರು ಎಷ್ಟೋ ಜನ. ಅಂಥವರ ರಕ್ತದಲ್ಲಿ ಗ್ಯಾಸ್ಟ್ರಿನ್ ಅಳೆದರೆ ಅಂಕಿ ಜಾಸ್ತಿ ಬರಬಹುದು. ಬಹಳ ಸಲ ಅದು ಕಾಯಿಲೆಯಲ್ಲ, ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತು.

ಗ್ಯಾಸ್ಟ್ರಿನ್ ಜಠರದ ಹಾರ್ಮೋನ್. ಇಂಗ್ಲೆಂಡಿನ ಜಾನ್ ಎಡ್ಕಿನ್ಸ್ 1905ರಲ್ಲೇ ಇದರ ಸುಳಿವು ಹಿಡಿದಿದ್ದರು. ಊಟ ಒಳಗೆ ಹೋದಾಗ ಇದು ಆಮ್ಲ ಸುರಿಸಲು ಹೇಳುತ್ತದೆ. ಆಮ್ಲ ಸಾಕಷ್ಟಾದರೆ ತಾನೇ ತಗ್ಗುತ್ತದೆ, ಟ್ಯಾಂಕ್ ತುಂಬಿದಾಗ ಮೋಟಾರ್ ಆಫ್ ಆಗುವ ಹಾಗೆ. ಮಾತ್ರೆ ಆಮ್ಲವನ್ನೇ ತಡೆದರೆ? ಟ್ಯಾಂಕ್ ತುಂಬುವುದೇ ಇಲ್ಲ, ಮೋಟಾರ್ ಓಡುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 100 ಪಿಕೋಗ್ರಾಂ ಒಳಗಿರುವ ಗ್ಯಾಸ್ಟ್ರಿನ್ ಎರಡು, ಮೂರು ಪಟ್ಟು ಏರುವುದು ಹೀಗೆ.

ಹಾಗಾದರೆ ಎಲ್ಲರೂ ಆಗಾಗ ಪರೀಕ್ಷೆ ಮಾಡಿಸಬೇಕಾ? ಬೇಡ. ಸುಮ್ನೆ ದುಡ್ಡು ಖರ್ಚು, ಮೇಲೆ ಗಾಬರಿ. ವೈದ್ಯರು ಇದನ್ನು ಬರೆಯುವುದು ಬೇರೆ ಅನುಮಾನ ಬಂದಾಗ. ಹೊಟ್ಟೆಯ ಹುಣ್ಣು ಮತ್ತೆ ಮತ್ತೆ ಬರುತ್ತಿದ್ದರೆ, ಜೊತೆಗೆ ಭೇದಿಯೂ ಇದ್ದರೆ, ಗ್ಯಾಸ್ಟ್ರಿನ್ ಸುರಿಸುವ ಗಡ್ಡೆ ಇರಬಹುದು. ಅಪರೂಪದ ಈ ಕಾಯಿಲೆಯನ್ನು 1955ರಲ್ಲಿ ವಿವರಿಸಿದವರು ಅಮೆರಿಕದ ಶಸ್ತ್ರವೈದ್ಯರಾದ ಜಾಲಿಂಜರ್ ಮತ್ತು ಎಲಿಸನ್. ಇದರಲ್ಲಿ ಗ್ಯಾಸ್ಟ್ರಿನ್ 1000 ಪಿಕೋಗ್ರಾಂ ದಾಟಬಹುದು. ಆದರೆ ಜಠರದ ಒಳಪದರ ಸವೆದು ಆಮ್ಲವೇ ಹುಟ್ಟದವರಲ್ಲೂ ಅಂಕಿ ಅಲ್ಲಿಗೆ ಏರೀತು! ಅದಕ್ಕೇ ಆಮ್ಲವನ್ನೂ ಅಳೆಯಬೇಕು. ಗಡ್ಡೆಯಿದ್ದವರಲ್ಲಿ ಆಮ್ಲ ವಿಪರೀತ, ಸವೆದ ಜಠರದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಾತ್ರೆ ತಗೊಳ್ಳುತ್ತಿದ್ದರೆ ಈ ವ್ಯತ್ಯಾಸವೇ ಮರೆಯಾಗುತ್ತದೆ.

ಹಾಗಂತ ಪರೀಕ್ಷೆಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಒಂದೆರಡು ವಾರ ನಿಲ್ಲಿಸಿ ರಕ್ತ ತೆಗೆಯುವ ಪದ್ಧತಿ ಇದೆ ನಿಜ. ಆದರೆ ಗಡ್ಡೆ ಇದ್ದವರಿಗೆ ಹುಣ್ಣು ಒಡೆದು ರಕ್ತ ಹೋಗುವ ಅಪಾಯವಿದೆ, ಅದು ವೈದ್ಯರ ನಿಗಾದಲ್ಲೇ ನಡೆಯಬೇಕು. ಉಳಿದವರಿಗೂ ನಿಲ್ಲಿಸಿದ ಕೂಡಲೇ ಉರಿ ಮರುಕಳಿಸಬಹುದು. ಏರಿದ್ದ ಗ್ಯಾಸ್ಟ್ರಿನ್ ಅಷ್ಟು ದಿನ ಆಮ್ಲದ ಕೋಶಗಳನ್ನು ಹುರಿದುಂಬಿಸಿರುತ್ತದಲ್ಲ! 2009ರ ಡೆನ್ಮಾರ್ಕ್ ಅಧ್ಯಯನದಲ್ಲಿ ಆರೋಗ್ಯವಂತರಿಗೇ 8 ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದಾಗ, ಶೇ. 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಕಾಣಿಸಿತು. ಹುಸಿ ಮಾತ್ರೆ ತಗೊಂಡವರಲ್ಲಿ ಇದು ಶೇ. 15. 'ನಿಲ್ಲಿಸಿದರೆ ಉರಿ ಬರುತ್ತೆ, ಅಂದರೆ ನನಗೆ ಬೇಕೇ ಬೇಕು' ಎನ್ನುವವರು ಇದನ್ನು ಗಮನಿಸಬೇಕು.

ಇನ್ನೊಂದು. ರಕ್ತವನ್ನು ಖಾಲಿ ಹೊಟ್ಟೆಯಲ್ಲೇ ಕೊಡಬೇಕು. ಕಾಫಿಯೂ ಗ್ಯಾಸ್ಟ್ರಿನ್ ಏರಿಸುತ್ತದೆ, ಹಾಗಾಗಿ ಚಿಕ್ಕಮಗಳೂರಿನವರೂ ಅವತ್ತು ಲ್ಯಾಬಿನಿಂದ ಹೊರಬಂದ ಮೇಲೆಯೇ ಲೋಟ ಹಿಡಿಯಬೇಕು.