ಸೌಟರ್ ಕಲಿಸಿದ ಪಾಠ: ಅಮೆರಿಕದ ಅಧ್ಯಕ್ಷರು ನ್ಯಾಯಮೂರ್ತಿಗಳನ್ನು ಆರಿಸುವ ಬಗೆ ಬದಲಾದದ್ದು ಹೀಗೆ

1990ರ ಜುಲೈ 20ರಂದು ಅಮೆರಿಕದ ಸುಪ್ರೀಂ ಕೋರ್ಟಿನಿಂದ ವಿಲಿಯಂ ಬ್ರೆನನ್ ನಿವೃತ್ತಿ ಘೋಷಿಸಿದರು. ಮೂರೇ ದಿನದಲ್ಲಿ ರಿಪಬ್ಲಿಕನ್ ಅಧ್ಯಕ್ಷ ಹಿರಿಯ ಬುಷ್ ಆ ಜಾಗಕ್ಕೆ ಡೇವಿಡ್ ಸೌಟರ್ ಹೆಸರು ಹೇಳಿದರು. ನ್ಯೂ ಹ್ಯಾಂಪ್‌ಶೈರ್‌ನ ಈ ನ್ಯಾಯಾಧೀಶರು ಫೆಡರಲ್ ಮೇಲ್ಮನವಿ ಕೋರ್ಟಿಗೆ ಬಂದು ಕೆಲವೇ ತಿಂಗಳಾಗಿತ್ತು. ಗರ್ಭಪಾತದಂಥ ವಿಷಯದಲ್ಲಿ ಅವರ ನಿಲುವೇನೆಂದು ಹುಡುಕಿದರೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಅದೇ ಅವರ ಬಂಡವಾಳ. ಸೆನೆಟ್ 90–9ರಿಂದ ಒಪ್ಪಿತು.

ಖಾಲಿ ಹಾಳೆಯಂಥವರನ್ನು ಬುಷ್ ಹುಡುಕಿದ್ದಕ್ಕೆ ಕಾರಣ ಮೂರು ವರ್ಷ ಹಿಂದಿನದು. 1987ರಲ್ಲಿ ರೇಗನ್ ಆರಿಸಿದ್ದ ರಾಬರ್ಟ್ ಬೋರ್ಕ್ ಬೇಕಾದಷ್ಟು ಬರೆದಿದ್ದರು. ನಾಗರಿಕ ಹಕ್ಕುಗಳ ಮಸೂದೆಯನ್ನು ಟೀಕಿಸಿದ 1963ರ ಲೇಖನವೂ ಅದರಲ್ಲಿತ್ತು. ಬರೆದದ್ದೆಲ್ಲ ಸೆನೆಟ್ ಸಮಿತಿಯ ಮೇಜಿಗೆ ಬಂತು. ಬೋರ್ಕ್ ಬಾಯಿಬಿಟ್ಟು ಉತ್ತರಿಸಿದರು, 42–58ರಿಂದ ಸೋತರು. ಆಮೇಲೆ ಬಂದವರು ಯಾರೂ ಅಷ್ಟು ಮಾತಾಡುವ ತಪ್ಪು ಮಾಡಿಲ್ಲ.

ಸಂವಿಧಾನದ ಎರಡನೇ ವಿಧಿ ಹೇಳುವುದು ಬಹಳ ಕಡಿಮೆ: ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಸಲಹೆ ಮತ್ತು ಸಮ್ಮತಿ ಕೊಡಬೇಕು. ವಯಸ್ಸು, ಅರ್ಹತೆ, ಗಡುವು ಯಾವುದೂ ಇಲ್ಲ. ನಮ್ಮಲ್ಲಿ 65ಕ್ಕೆ ನಿವೃತ್ತಿ. ಅಲ್ಲಿ ಸತ್ತರೆ, ತಾವಾಗಿ ಬಿಟ್ಟರೆ ಅಥವಾ ಮಹಾಭಿಯೋಗದಲ್ಲಿ ತೆಗೆದುಹಾಕಿದರೆ ಮಾತ್ರ ಕುರ್ಚಿ ಖಾಲಿ. ಹಾಗಾಗಿ ಈಗ ಐವತ್ತರ ಆಸುಪಾಸಿನವರಿಗೇ ಬೇಡಿಕೆ. ಟ್ರಂಪ್ ಆರಿಸಿದ ಏಮಿ ಕೋನಿ ಬ್ಯಾರೆಟ್ ಬಂದಾಗ 48, ನೀಲ್ ಗೋರ್ಸಚ್ 49.

ಉಳಿದ ಕ್ರಮ ಬಹುಪಾಲು ರೂಢಿಯಿಂದ ಬೆಳೆದದ್ದು. ಶ್ವೇತಭವನದ ವಕೀಲರು ಕಿರುಪಟ್ಟಿ ಮಾಡುತ್ತಾರೆ, ಎಫ್‌ಬಿಐ ಹಿನ್ನೆಲೆ ಜಾಲಾಡುತ್ತದೆ. ಹೆಸರು ಹೊರಬಿದ್ದ ಮೇಲೆ ನ್ಯಾಯಾಂಗ ಸಮಿತಿಯ ಪ್ರಶ್ನಾವಳಿ: ಬರೆದದ್ದು, ಭಾಷಣ ಮಾಡಿದ್ದು, ಆಸ್ತಿ, ಆದಾಯ ಎಲ್ಲವನ್ನೂ ತುಂಬಿಕೊಡಬೇಕು. ಆಮೇಲೆ ಸಾರ್ವಜನಿಕ ವಿಚಾರಣೆ, ಸಮಿತಿಯ ಮತ, ಕೊನೆಗೆ ಇಡೀ ಸೆನೆಟ್. ಗೆದ್ದವರು ಎರಡು ಪ್ರಮಾಣ ಮಾಡುತ್ತಾರೆ, ಒಂದು ಸಂವಿಧಾನದ್ದು, ಇನ್ನೊಂದು ನ್ಯಾಯಾಧೀಶರದ್ದು.

ಇಷ್ಟೆಲ್ಲ ಸೋಸಿದರೂ ಸೌಟರ್ ಒಳಗೇನಿದೆ ಎಂಬುದು ತಿಳಿಯಲಿಲ್ಲ. 1992ರ ಕೇಸಿ ಪ್ರಕರಣದಲ್ಲಿ ಗರ್ಭಪಾತ ಹಕ್ಕಿನ ತಿರುಳನ್ನು ಉಳಿಸಿದ ಐವರಲ್ಲಿ ಅವರೂ ಒಬ್ಬರಾದರು. ‘ಇನ್ನೊಬ್ಬ ಸೌಟರ್ ಬೇಡ’ ಎಂಬುದು ಗರ್ಭಪಾತ ಹಕ್ಕನ್ನು ಒಪ್ಪದ ಸಂಪ್ರದಾಯವಾದಿಗಳ ಘೋಷಣೆಯೇ ಆಯಿತು.

ಅದರ ಬಿಸಿ ತಟ್ಟಿದ್ದು ಮಗ ಬುಷ್‌ಗೆ. 2005ರ ಅಕ್ಟೋಬರ್ 3ರಂದು ತಮ್ಮದೇ ಶ್ವೇತಭವನದ ವಕೀಲೆ ಹ್ಯಾರಿಯೆಟ್ ಮಿಯರ್ಸ್ ಹೆಸರು ಹೇಳಿದರು. ನನ್ನನ್ನು ನಂಬಿ ಎಂಬುದಷ್ಟೇ ಅಧ್ಯಕ್ಷರ ವಾದ. ಮಿಯರ್ಸ್ ಎಂದೂ ನ್ಯಾಯಾಧೀಶರಾಗಿದ್ದವರಲ್ಲ. ಸ್ವಪಕ್ಷದವರೇ ತಿರುಗಿಬಿದ್ದರು, 24 ದಿನದಲ್ಲಿ ಮಿಯರ್ಸ್ ಹಿಂದೆ ಸರಿದರು. ಬದಲಿಗೆ ಬಂದವರು ಹದಿನೈದು ವರ್ಷ ಮೇಲ್ಮನವಿ ಕೋರ್ಟಿನಲ್ಲಿ ತೀರ್ಪು ಬರೆದಿದ್ದ ಸ್ಯಾಮ್ಯುಯೆಲ್ ಅಲಿಟೋ. ಲೇಖನಗಳಂತಲ್ಲ, ತೀರ್ಪಿನಲ್ಲಿ ಒಲವು ಪಕ್ಷಕ್ಕೆ ಗೊತ್ತಾಗುತ್ತದೆ; ಕೆಣಕಿದರೆ ‘ಕಾನೂನು ಹಾಗಿತ್ತು’ ಎನ್ನಬಹುದು. ಈ ಸೂತ್ರವನ್ನೇ ಟ್ರಂಪ್ 2016ರ ಮೇನಲ್ಲಿ 11 ಹೆಸರುಗಳ ಪಟ್ಟಿಯಾಗಿ ಚುನಾವಣೆಗೆ ಮುಂಚೆಯೇ ಪ್ರಕಟಿಸಿ, ಆಮೇಲೆ ಹಿಗ್ಗಿಸುತ್ತ ಹೋದರು. ಅಭ್ಯರ್ಥಿಯೊಬ್ಬ ಹೀಗೆ ಹೆಸರು ಹಿಡಿದು ಮತ ಕೇಳಿದ್ದು ಹೊಸದೇ.

ಇನ್ನು ಲೆಕ್ಕಾಚಾರ. ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು ನೂರರಲ್ಲಿ 60 ಮತ ಬೇಕಿದ್ದಾಗ ಎದುರು ಪಕ್ಷದ ಕೆಲವರನ್ನಾದರೂ ಒಲಿಸಬೇಕಿತ್ತು. ಕೆಳಗಿನ ಕೋರ್ಟುಗಳಿಗೆ ಆ ನಿಯಮವನ್ನು ಡೆಮಾಕ್ರಟರು 2013ರಲ್ಲಿ ಮುರಿದರು. 2017ರ ಏಪ್ರಿಲ್ 6ರಂದು ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ಅದನ್ನೇ ಮಾಡಿದರು. ಮಾರನೇ ದಿನ ಗೋರ್ಸಚ್ 54–45ರಿಂದ ಗೆದ್ದರು. ಈಗ ಸರಳ ಬಹುಮತ ಸಾಕು, ಹಾಗಾಗಿ ಸೆನೆಟ್ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ. 2016ರಲ್ಲಿ ಒಬಾಮಾ ಆರಿಸಿದ ಮೆರಿಕ್ ಗಾರ್ಲೆಂಡ್‌ಗೆ ರಿಪಬ್ಲಿಕನ್ನರ ಕೈಯಲ್ಲಿದ್ದ ಸೆನೆಟ್ 293 ದಿನ ವಿಚಾರಣೆಯನ್ನೇ ಕೊಡಲಿಲ್ಲ, ಚುನಾವಣಾ ವರ್ಷವೆಂಬ ನೆಪ. 2020ರಲ್ಲಿ ಅದೇ ರಿಪಬ್ಲಿಕನ್ನರ ಸೆನೆಟ್ ಬ್ಯಾರೆಟ್ ಅವರನ್ನು ಹೆಸರಿಸಿದ 30 ದಿನಕ್ಕೆ, ಮತದಾನಕ್ಕೆ ಎಂಟು ದಿನ ಇರುವಾಗ ಒಪ್ಪಿತು.

2022ರ ಜೂನ್ 24ರಂದು ಕೇಸಿ ತೀರ್ಪು ರದ್ದಾಯಿತು. ರದ್ದುಮಾಡಿದ ಐವರಲ್ಲಿ ಮೂವರು ಟ್ರಂಪ್ ಪಟ್ಟಿಗಳಲ್ಲಿದ್ದವರು. ತೀರ್ಪು ಬರೆದವರು, ಮಿಯರ್ಸ್ ಕೂರಬೇಕಿದ್ದ ಕುರ್ಚಿಯಲ್ಲಿ ಕೂತಿರುವ ಅಲಿಟೋ.