ನಿಮ್ಮ ಬಾಳೆಗೊನೆ ಮತ್ತು ಸಿಂಗಳೀಕ

ಪ್ರಶ್ನೆ: ನಮ್ಮ ತೋಟದಲ್ಲಿ ಮಂಗಗಳ ಕಾಟಕ್ಕೆ ಒಂದು ಬಾಳೆಗೊನೆಯೂ ಉಳಿಯುತ್ತಿಲ್ಲ. ನೀವು ನೋಡಿದರೆ ಸಿಂಗಳೀಕ ಅಳಿವಿನಂಚಿನಲ್ಲಿದೆ ಅಂತೀರಿ. ಅದು ಹೇಗೆ?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಇರಲಿ, ಇನ್ನೊಮ್ಮೆ.

ನಿಮ್ಮ ಗೊನೆ ಮುರಿಯುವುದು ಕೋತಿ. ಕೆಲವು ಕಡೆ ಮುಸಿಯ, ಅಂದರೆ ಲಂಗೂರ್. ಸಿಂಗಳೀಕ ಕಾಡಂಚಿನ ತೋಟಕ್ಕೆ ಎಂದೋ ಒಮ್ಮೆ ಬಂದೀತು, ಅಷ್ಟೇ. "ಮಂಗ ಅಂದ್ರೆ ಮಂಗ, ಅದರಲ್ಲೇನು ಬೇರೆ?" ಅನ್ನುತ್ತೀರಲ್ಲ, ಅಂಗಳಕ್ಕೆ ಬಂದ ಕೇರೆಹಾವನ್ನೂ ನಾಗರಹಾವನ್ನೂ ಹಾಗೇ ಅನ್ನುತ್ತೀರಾ?

ಸಿಂಗಳೀಕದ ಗುರುತು ಹಿಡಿಯುವುದು ಸುಲಭ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಗೆ ಕುಚ್ಚು. ಸಿಂಹಬಾಲದ ಕೋತಿ ಎಂಬ ಹೆಸರು ಬಂದಿದ್ದು ಆ ಕುಚ್ಚಿನಿಂದ, ಕೇಸರದಿಂದಲ್ಲ. ಮೇಷ್ಟ್ರುಗಳೂ ಇದನ್ನು ತಪ್ಪು ಹೇಳಿಕೊಡುತ್ತಾರೆ!

ಕೋತಿಗೆ ದೇವಸ್ಥಾನವೂ ಆದೀತು, ಬಸ್‌ಸ್ಟ್ಯಾಂಡೂ ಆದೀತು. ಮರಿ ಹೆಚ್ಚುಕಡಿಮೆ ವರ್ಷಕ್ಕೊಂದು. ಸಿಂಗಳೀಕಕ್ಕೆ ವರ್ಷವಿಡೀ ಒಂದಲ್ಲ ಒಂದು ಹಣ್ಣು ಸಿಗುವ ನಿತ್ಯಹಸಿರು ಕಾಡೇ ಬೇಕು. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಸುಮಾರು ಆರು ವರ್ಷ. ಒಂದು ಸಲಕ್ಕೆ ಒಂದೇ ಮರಿ. ಮುಂದಿನದಕ್ಕೆ ಮತ್ತೆ ಎರಡೂವರೆ ವರ್ಷ ಕಾಯಬೇಕು. ಲೆಕ್ಕ ನೀವೇ ಹಾಕಿ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇದು ಇಲ್ಲ. ಇರುವುದೇ ಒಟ್ಟು 4,000ದ ಆಸುಪಾಸು. ಕೋತಿ ಜಾಸ್ತಿಯಾದರೆ ಸಿಂಗಳೀಕವೂ ಜಾಸ್ತಿಯಾಯಿತು ಅನ್ನುವುದು, ಕಾಗೆ ಹೆಚ್ಚಿದವು ಅಂತ ಮಂಗಟ್ಟೆ ಹಕ್ಕಿಯ ಚಿಂತೆ ಬಿಟ್ಟ ಹಾಗೆ.

"ಈ ಕಾಡು ಹೋದರೆ ಪಕ್ಕದ ಕಾಡಿಗೆ ಹೋಗಲಿ" ಅನ್ನುವವರೂ ಇದ್ದಾರೆ. ಹೇಗೆ ಹೋಗಬೇಕು? ಅದು ಮರದಿಂದ ಮರಕ್ಕೆ ಓಡಾಡುವ ಪ್ರಾಣಿ. ನಡುವೆ ರಸ್ತೆ ಅಗಲವಾಯಿತೋ, ಆಚೆ ಕಡೆಯ ಕಾಡು ಬೇರೆ ದೇಶವಾದ ಹಾಗೆ. ತಮಿಳುನಾಡಿನ ವಾಲ್ಪಾರೈನಲ್ಲಿ ಚಹಾ ತೋಟಗಳ ನಡುವೆ ಸಿಕ್ಕಿಕೊಂಡ ಸಿಂಗಳೀಕಗಳು ರಸ್ತೆಗಿಳಿದು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು. ಕೊನೆಗೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಬೇಕಾಯಿತು. ಅಲ್ಲಿ ಅವು ಮನೆಗೂ ನುಗ್ಗುತ್ತವೆ, ನಿಜ. ಕಾಡು ಚೂರುಚೂರಾದ ಮೇಲೆ ಕಲಿತ ಬುದ್ಧಿ ಅದು.

ನಮ್ಮಲ್ಲಿ, ಉತ್ತರ ಕನ್ನಡದ ಸಿದ್ದಾಪುರ, ಹೊನ್ನಾವರದ ಸಿಂಗಳೀಕದ ಕಾಡುಗಳಿಗೆ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶದ ಪಟ್ಟ ಸಿಕ್ಕಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿತು.

ಯಾರೂ ಕೇಳದಿದ್ದರೂ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಿನ ಮಾತು ಹೇಳದೆ ಇರಲಾರೆ. ಸಿಂಗಳೀಕಕ್ಕೆ ಆ ಹಣ್ಣು ಬಲು ಇಷ್ಟ. ನಮಗೂ ಇಷ್ಟ, ಒಣ ಸಿಪ್ಪೆಗೆ ಬೆಲೆ ಇದೆಯಲ್ಲ! ಮರ ಯಾರ ಸ್ವಂತದ್ದೂ ಅಲ್ಲ. ಹಾಗಾಗಿ ಬೇರೆಯವರು ಕೊಯ್ಯುವ ಮೊದಲು ನಾವೇ ಅಂತ ಕಾಯಿ ಇರುವಾಗಲೇ ಕೊಂಬೆ ಕಡಿಯುತ್ತಾರೆ. ಸಿಪ್ಪೆ ಒಣಗಿಸಲು ಮತ್ತೆ ಅದೇ ಕಾಡಿನ ಸೌದೆ. ಕೊಯ್ಯಲೇಬೇಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ಉಪ್ಪಾಗೆ ಬೀಜದ ತುಪ್ಪ ಇದೆ. ಹಣ್ಣಾಗಿ ಬಿದ್ದದ್ದನ್ನು ಹೆಕ್ಕಿದರೆ ಕೊಂಬೆ ಉಳಿಯುತ್ತದೆ, ಮೇಲಿನ ಪಾಲು ಮೇಲಿನವರಿಗೆ ಸಿಗುತ್ತದೆ.

ಬಾಳೆಗೊನೆಗೆ ಪರಿಹಾರ ಕೇಳಬೇಡಿ. ನಮ್ಮ ತೋಟದಲ್ಲೂ ಈ ವರ್ಷ ಒಂದೂ ಉಳಿದಿಲ್ಲ.